ಒಂದು ಮಾರು, ಒಂದು ಮೊಳ: ಗ್ರೀನ್‌ಲ್ಯಾಂಡ್ ಕಯಾಕ್ ಹುಟ್ಟು ಕೆತ್ತುವುದು ಹೇಗೆ

ಅಳತೆ ಟೇಪನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಎರಡೂ ಕೈ ಚಾಚಿ ನಿಲ್ಲಿ. ಒಂದು ಕೈಯ ನಡುಬೆರಳ ತುದಿಯಿಂದ ಇನ್ನೊಂದು ಕೈಯ ನಡುಬೆರಳ ತುದಿಯವರೆಗೆ ಒಂದು ಮಾರು. ಅದಕ್ಕೆ ಮೊಣಕೈಯಿಂದ ಬೆರಳ ತುದಿಯವರೆಗಿನ ಒಂದು ಮೊಳ ಸೇರಿಸಿ. ಅಷ್ಟೇ, ನಿಮ್ಮ ಹುಟ್ಟಿನ ಉದ್ದ ಸಿಕ್ಕಿತು. ಗ್ರೀನ್‌ಲ್ಯಾಂಡಿನ ಮೂಲನಿವಾಸಿಗಳಾದ ಇನುಯಿಟ್ ಬೇಟೆಗಾರರ ಕಯಾಕ್ (ಕೂರಲು ಒಂದು ಕಿಂಡಿ ಬಿಟ್ಟು ಮೇಲೆಲ್ಲ ಮುಚ್ಚಿದ ಸಪೂರ ದೋಣಿ) ಹುಟ್ಟಿಗೆ ಇವತ್ತಿಗೂ ಎಲ್ಲರೂ ಹೇಳುವ ಲೆಕ್ಕ ಇದೇ. ಬೇರೆ ಭಾಷೆಯಲ್ಲಿ ಇದನ್ನು ವಿವರಿಸಲು ಉದ್ದುದ್ದ ವಾಕ್ಯ ಬೇಕಾಗುತ್ತದೆ. ನಮಗೆ ಮಾರು, ಮೊಳ ಅಂದರೆ ಮುಗಿಯಿತು.

ನಾನು ಇದುವರೆಗೆ ಮೂರು ಹುಟ್ಟು ಕೆತ್ತಿದ್ದೇನೆ. ಮೊದಲನೆಯದು ಗೋಡೆಗೆ ಒರಗಿ ನಿಂತಿದೆ, ನೀರಿಗೆ ಹೋಗುವುದಿಲ್ಲ. ಯಾಕೆ ಅಂದರೆ ನನ್ನ ಮೈ ಅಳೆಯದೆ ಯಾರದ್ದೋ ಅಳತೆ ನಕಲು ಮಾಡಿದ್ದೆ. ಅಲಗು, ಅಂದರೆ ನೀರು ತಳ್ಳುವ ಚಪ್ಪಟೆ ಭಾಗ, 9.5 ಸೆಂ.ಮೀ. ಅಗಲ ಬಂತು. ನೋಡಲು ಚೆಂದವಾಗಿಯೇ ಇದೆ, ಆದರೆ ಅದನ್ನು ಹಿಡಿದುಕೊಳ್ಳಲು ನನ್ನ ಕೈಗೆ ಆಗುವುದಿಲ್ಲ. ಹಾಗಾಗಿ ಕೆಳಗೆ ನಾನು ಕೊಡುವ ಸಂಖ್ಯೆಗಳನ್ನೂ ಸುಮ್ನೆ ದಾರಿ ತೋರಿಸುವ ಗುರುತು ಅಂದುಕೊಳ್ಳಿ. ಕೊನೆಗೆ ನಿಮ್ಮ ಕೈ ಏನು ಹೇಳುತ್ತದೋ ಅದೇ ಸರಿ.

ಇಷ್ಟು ಸಪೂರ ಯಾಕೆ?

ಗ್ರೀನ್‌ಲ್ಯಾಂಡಿನ ಭಾಷೆಯಲ್ಲಿ ಈ ಹುಟ್ಟಿಗೆ ಪಾತಿತ್ ಎನ್ನುತ್ತಾರೆ. ಕಯಾಕ್ ಎಂಬ ಪದವೂ ಅವರದ್ದೇ. ಎರಡು ತುದಿಗೂ ಅಲಗು, ನಡುವೆ ಹಿಡಿ. ಮೊದಲ ಸಲ ನೋಡಿದವರು ಕೇಳುವುದು ಒಂದೇ ಪ್ರಶ್ನೆ: ಈ ಪಟ್ಟಿಯಲ್ಲಿ ನೀರು ತಳ್ಳುವುದು ಹೇಗೆ? ಲೆಕ್ಕ ಹಾಕಿ ನೋಡಿ. ಒಂದೊಂದು ಅಲಗು ಸುಮಾರು 83 ಸೆಂ.ಮೀ. ಉದ್ದ, ಬುಡದಿಂದ ತುದಿಯವರೆಗೆ ಸರಾಸರಿ 6 ಸೆಂ.ಮೀ. ಮೇಲೆ ಅಗಲ. ಅಂದರೆ 500 ಚದರ ಸೆಂ.ಮೀ. ದಾಟುತ್ತದೆ. ಚಮಚದ ಹಾಗೆ ಅಗಲವಾಗಿರುವ ಈಗಿನ ಅಲಗುಗಳಿಗಿಂತ ಕಡಿಮೆ ಹೌದು, ಆದರೆ ಅಂದುಕೊಂಡಷ್ಟು ಕಡಿಮೆ ಅಲ್ಲ.

ಸಪೂರ ಇದ್ದರೆ ಗಾಳಿಗೆ ಸಿಕ್ಕಿಕೊಳ್ಳುವುದಿಲ್ಲ, ದಿನವಿಡೀ ಹುಟ್ಟು ಹಾಕಿದರೂ ಭುಜ ನೋಯುವುದು ಕಡಿಮೆ, ನೀರಿಗೆ ಇಳಿಯುವಾಗ ಸದ್ದಾಗುವುದಿಲ್ಲ. ಬೇಟೆಗೆ ಹೋದವನಿಗೆ ಈ ಕೊನೆಯದ್ದು ತುಂಬಾ ಮುಖ್ಯ. ಉತ್ತರ ಗ್ರೀನ್‌ಲ್ಯಾಂಡಿನ ಕಾನಾಕ್ ಕಡೆ ಈಗಲೂ ನಾರ್ವಾಲ್ ತಿಮಿಂಗಿಲವನ್ನು ಕಯಾಕ್‌ನಿಂದ ಈಟಿ ಎಸೆದೇ ಹಿಡಿಯುತ್ತಾರೆ. ಮೋಟಾರಿನ ಸದ್ದಿಗೆ ಅದು ಹತ್ತಿರಕ್ಕೂ ಸುಳಿಯುವುದಿಲ್ಲ. ಈಟಿ ಎಸೆಯಬೇಕಾದರೆ ಒಂದು ಕೈ ಖಾಲಿ ಬೇಕಲ್ವಾ? ಆಗ ಹುಟ್ಟಿನ ಒಂದು ತುದಿಯನ್ನು ಕಯಾಕ್ ಮೇಲಿನ ಚರ್ಮದ ಪಟ್ಟಿಯೊಳಗೆ ತೂರಿಸಿ ಅಡ್ಡಲಾಗಿ ಇಡುತ್ತಾರೆ. ಇನ್ನೊಂದು ಅಲಗು ನೀರ ಮೇಲೆ ಮಲಗಿ ದೋಣಿ ಅತ್ತಿತ್ತ ವಾಲದಂತೆ ಊರುಗೋಲಾಗುತ್ತದೆ. ಅಗಲ ಅಲಗಾಗಿದ್ದರೆ ಆ ಪಟ್ಟಿಯೊಳಗೆ ಹೋಗುತ್ತಲೇ ಇರಲಿಲ್ಲ.

ಇನ್ನೊಂದು ಕಾರಣ ಮಗುಚುವುದು. ತುಯಿಲಿಕ್ ಎಂಬ ಸೀಲ್ ಚರ್ಮದ ಅಂಗಿಯನ್ನು ಮುಖದ ಸುತ್ತ, ಮಣಿಕಟ್ಟಿಗೆ, ಕೂರುವ ಕಿಂಡಿಯ ಸುತ್ತ ಬಿಗಿದು ಕಟ್ಟಿಕೊಂಡಿರುತ್ತಾರೆ. ನೀರು ಒಳಗೆ ಬರಬಾರದಲ್ಲ. ಆದರೆ ಆ ಹಿಮದ ನೀರಿನಲ್ಲಿ ದೋಣಿ ತಲೆಕೆಳಗಾದರೆ ಹೊರಬಂದು ಈಜುತ್ತೇನೆ ಅನ್ನುವ ಮಾತೇ ಇಲ್ಲ. ಕೈಯಲ್ಲಿರುವ ಹುಟ್ಟಿನ ಬಲದಿಂದಲೇ ಮತ್ತೆ ಎದ್ದು ಕೂರಬೇಕು. ಹಾಗೆ ಏಳುವಾಗ ಕೈಯನ್ನು ಹಿಡಿಯಿಂದ ಜಾರಿಸಿ ಅಲಗಿನ ತುದಿಯವರೆಗೂ ಒಯ್ಯುತ್ತಾರೆ, ಆಗ ಹುಟ್ಟು ಉದ್ದನೆಯ ಸನ್ನೆಗೋಲಾಗುತ್ತದೆ. ಅಲಗು ಮುಷ್ಟಿಗೆ ಸಿಗಲೇಬೇಕು ಎನ್ನುವುದು ಇದಕ್ಕೇ.

ಆರ್ಕ್ಟಿಕ್‌ನ ಎಲ್ಲ ಹುಟ್ಟೂ ಹೀಗೇ ಅಂತಲ್ಲ. ಹಡ್ಸನ್ ಕೊಲ್ಲಿಯ ಪಶ್ಚಿಮಕ್ಕೆ, ಕೆನಡಾದ ಒಳನಾಡಿನಲ್ಲಿ ಇದ್ದ ಕ್ಯಾರಿಬೂ ಇನುಯಿಟ್ ಜನ ಕೆರೆ, ಹೊಳೆ ದಾಟುವ ಕ್ಯಾರಿಬೂ (ಜಿಂಕೆ ಜಾತಿಯ ದೊಡ್ಡ ಪ್ರಾಣಿ) ಹಿಂಡನ್ನು ಕಯಾಕ್‌ನಲ್ಲಿ ಬೆನ್ನಟ್ಟುತ್ತಿದ್ದರು. ಅವರ ಹುಟ್ಟು ಇನ್ನೂ ಉದ್ದ. ಅಲಾಸ್ಕಾದ ಬೇರಿಂಗ್ ಸಮುದ್ರದ ಕಡೆ ಒಂದೇ ಅಲಗಿನ ಹುಟ್ಟೂ ಇತ್ತು. ನಾನು ಹೇಳುತ್ತಿರುವುದು ಗ್ರೀನ್‌ಲ್ಯಾಂಡಿನದ್ದು, ಕಲಿಯಲು ಅದೇ ಸುಲಭ.

ಮರ

ಗ್ರೀನ್‌ಲ್ಯಾಂಡಿನಲ್ಲಿ ಹುಟ್ಟು ಕೆತ್ತುವಷ್ಟು ದೊಡ್ಡ ಮರ ಬೆಳೆಯುವುದು ಇಲ್ಲವೇ ಇಲ್ಲ ಎನ್ನಬಹುದು. ಸೈಬೀರಿಯಾದ ನದಿಗಳಲ್ಲಿ ಕೊಚ್ಚಿ ಬಂದ ದಿಮ್ಮಿಗಳು ಆರ್ಕ್ಟಿಕ್ ಸಾಗರದ ಹಿಮಗಡ್ಡೆಗಳ ನಡುವೆ ಸಿಕ್ಕಿಕೊಂಡು, ವರ್ಷಗಟ್ಟಲೆ ತೇಲಿ, ಕೊನೆಗೆ ಆ ದಡಕ್ಕೆ ಬಂದು ಬೀಳುತ್ತವೆ. ಲಾರ್ಚ್, ಸ್ಪ್ರೂಸ್, ಪೈನ್, ಹೀಗೆ. ಸಿಕ್ಕಿದ ಮರದಲ್ಲಿ ಕಯಾಕ್‌ನ ಪಕ್ಕೆಲುಬು, ಈಟಿ, ಹುಟ್ಟು ಎಲ್ಲ ಆಗಬೇಕಿತ್ತು, ಹಾಗಾಗಿ ಒಂದು ಚೂರೂ ಹಾಳು ಮಾಡುತ್ತಿರಲಿಲ್ಲ.

ನಮಗೆ ಅಷ್ಟು ಕಷ್ಟ ಇಲ್ಲ. ವೆಸ್ಟರ್ನ್ ರೆಡ್ ಸೀಡರ್ ಸಿಕ್ಕರೆ ಅದೇ ಒಳ್ಳೆಯದು. ಹಗುರ, ಚೆನ್ನಾಗಿ ತೇಲುತ್ತದೆ, ಕೆತ್ತಲು ಮೆತ್ತಗೆ. ಸ್ಪ್ರೂಸ್ ಸ್ವಲ್ಪ ಭಾರ, ಆದರೆ ಗಟ್ಟಿ. ಪೈನ್ ಕೂಡ ಆಗುತ್ತದೆ, ಮೊದಲ ಹುಟ್ಟಿಗೆ ನಾನು ಹೇಳುವುದು ಪೈನ್ ಅನ್ನೇ, ಹಾಳಾದರೆ ಹೊಟ್ಟೆ ಉರಿಯುವುದಿಲ್ಲ. ಸೀಡರ್ ಧೂಳು ಮಾತ್ರ ಒಳ್ಳೆಯದಲ್ಲ. ಕೆಲವರಿಗೆ ಅದರಿಂದ ಆಸ್ತಮಾ ಬರುತ್ತದೆ. ಮಾಸ್ಕ್ ಹಾಕದೆ ಸ್ಯಾಂಡ್‌ಪೇಪರ್ ಮುಟ್ಟಬೇಡಿ.

ಹಲಗೆ 38 ಮಿ.ಮೀ. ದಪ್ಪ, 89 ಮಿ.ಮೀ. ಅಗಲ, 2.4 ಮೀಟರ್ ಉದ್ದ ಇದ್ದರೆ ಸಾಕು. ಟಿಂಬರ್ ಅಂಗಡಿಯಲ್ಲಿ ಟೂ ಬೈ ಫೋರ್ ಅಂದರೆ ಇದೇ ಸಿಗುತ್ತದೆ, ಹೆಸರಿಗೆ ಮಾತ್ರ ಎರಡು ಇಂಚು, ನಾಲ್ಕು ಇಂಚು. ಆರಿಸುವಾಗ ಅವಸರ ಬೇಡ. ಒಂದು ತುದಿಯನ್ನು ಕಣ್ಣಿನ ಹತ್ತಿರ ಹಿಡಿದು ಉದ್ದಕ್ಕೂ ನೋಡಿ, ಸೊಟ್ಟ ಇದೆಯಾ, ತಿರುಚಿದೆಯಾ ಗೊತ್ತಾಗುತ್ತದೆ. ಗಂಟು ಇರಬಾರದು. ಮರದ ಎಳೆ ಒಂದು ತುದಿಯಿಂದ ಇನ್ನೊಂದಕ್ಕೆ ನೇರ ಓಡಬೇಕು, ಅರ್ಧ ದಾರಿಯಲ್ಲಿ ಅಂಚಿನಿಂದ ಹೊರಗೆ ಜಾರಿಹೋದರೆ ಹುಟ್ಟು ಮುರಿಯುವುದೂ ಅಲ್ಲೇ. ನಾನು ಒಂದು ಹಲಗೆಗಾಗಿ ಮೂವತ್ತು ಹಲಗೆ ಎತ್ತಿ ಇಳಿಸಿದ್ದಿದೆ. ಅಂಗಡಿಯವರ ಮುಖ ನೋಡಬೇಡಿ, ಹಲಗೆ ನೋಡಿ.

ಮೈ ಅಳತೆ

ಉದ್ದ ಆಗಲೇ ಹೇಳಿದೆ. ಮಾರು 170 ಸೆಂ.ಮೀ., ಮೊಳ 46 ಸೆಂ.ಮೀ. ಇದ್ದವರಿಗೆ ಹುಟ್ಟು 216 ಸೆಂ.ಮೀ. ಇನ್ನೊಂದು ರೀತಿಯಲ್ಲೂ ಪರೀಕ್ಷೆ ಮಾಡಬಹುದು: ಹಲಗೆಯನ್ನು ನೆಟ್ಟಗೆ ನಿಲ್ಲಿಸಿ ಕೈ ಮೇಲೆತ್ತಿದರೆ ಬೆರಳುಗಳು ತುದಿಯ ಮೇಲೆ ಮಡಚಿಕೊಳ್ಳುವಷ್ಟು ಎತ್ತರ ಇರಬೇಕು. ಎರಡು ಲೆಕ್ಕದ ನಡುವೆ ಒಂದೆರಡು ಸೆಂ.ಮೀ. ವ್ಯತ್ಯಾಸ ಬಂದರೆ ತಲೆ ಕೆಡಿಸಿಕೊಳ್ಳಬೇಡಿ. ಉದ್ದ ಇಟ್ಟುಕೊಳ್ಳಿ, ಆಮೇಲೆ ಕತ್ತರಿಸಬಹುದು. ಗಿಡ್ಡ ಆದರೆ ಅಂಟಿಸಲು ಬರುವುದಿಲ್ಲ.

ನಡುವಿನ ಹಿಡಿಗೆ ಒಂದು ಕೋಲು ತೆಗೆದುಕೊಳ್ಳಿ. ಕುರ್ಚಿಯ ಮೇಲೆ ಕೂತು, ಮೊಣಕೈ ಮೈಗೆ ತಾಗುವಂತೆ ಸಡಿಲ ಬಿಟ್ಟು, ಕೋಲನ್ನು ಹೊಟ್ಟೆಯ ಮುಂದೆ ಆರಾಮವಾಗಿ ಹಿಡಿಯಿರಿ. ಎರಡೂ ಕೈಯ ಹೆಬ್ಬೆರಳು, ತೋರುಬೆರಳು ಹಿಡಿಯ ಮೇಲೆ ಬರಬೇಕು, ಉಳಿದ ಮೂರು ಬೆರಳು ಅಲಗಿನ ಬುಡದ ಮೇಲೆ. ಹಾಗಾಗಿ ತೋರುಬೆರಳಿನ ಹೊರ ಅಂಚಿಗೆ ಗುರುತು ಹಾಕಿ. ಸಾಮಾನ್ಯವಾಗಿ 45ರಿಂದ 55 ಸೆಂ.ಮೀ. ಬರುತ್ತದೆ.

ಅಲಗಿನ ಅಗಲಕ್ಕೆ ಅಂಗೈಯನ್ನು ಬಾಗಿಸಿ, ಹಲಗೆಯ ಒಂದು ಅಂಚನ್ನು ಹೆಬ್ಬೆರಳ ಸಂದಿನಲ್ಲಿಟ್ಟು ಇನ್ನೊಂದು ಅಂಚಿಗೆ ಬೆರಳ ಕೊನೆಯ ಗೆಣ್ಣು ಮಡಚಿ ಕೊಕ್ಕೆಯಂತೆ ಹಾಕಿ. ಬಿಗಿಯಾಗಿ ಹಿಡಿತ ಸಿಗುವ ಅತಿ ಹೆಚ್ಚು ಅಗಲ ಎಷ್ಟೋ ಅಷ್ಟೇ. ಹೆಚ್ಚಿನವರಿಗೆ 8ರಿಂದ 9 ಸೆಂ.ಮೀ. ಇಲ್ಲಿ ಆಸೆ ಪಡಬೇಡಿ. ನಾನು ಪಟ್ಟಿದ್ದೆ, ಅದರ ಕಥೆ ಗೋಡೆಗೆ ಒರಗಿ ನಿಂತಿದೆ.

ಗೆರೆ, ಗರಗಸ

ಹಲಗೆಯ ನಾಲ್ಕೂ ಮುಖಕ್ಕೆ ಉದ್ದಕ್ಕೂ ನಡುಗೆರೆ ಎಳೆಯಿರಿ. ಉದ್ದದ ನಡುವನ್ನೂ ಸುತ್ತಲೂ ಗುರುತಿಸಿ. ಮುಂದಿನ ಎಲ್ಲ ಅಳತೆಯೂ ಈ ಗೆರೆಗಳಿಂದಲೇ, ಅಂಚಿನಿಂದ ಅಲ್ಲ, ಯಾಕೆಂದರೆ ಅಂಚು ಕೊಯ್ದು ಹೋಗುತ್ತದೆ.

ಅಗಲದ ಮುಖದ ಮೇಲೆ ಮೊದಲು ಬರೆಯಿರಿ. ನಡುವಿನ ಹಿಡಿ 30 ಮಿ.ಮೀ. ಅಗಲ. ಹಿಡಿ ಮುಗಿಯುವಲ್ಲಿ ಅಲಗಿನ ಬುಡ 38 ಮಿ.ಮೀ. ಅಲ್ಲಿಂದ ನೇರ ಗೆರೆಯಲ್ಲಿ ಅಗಲವಾಗುತ್ತಾ ಹೋಗಿ, ತುದಿಗೆ 5 ಸೆಂ.ಮೀ. ಇರುವಾಗ ಪೂರ್ತಿ ಅಗಲ. ಆಮೇಲೆ ತುದಿಯನ್ನು ಗುಂಡಗೆ ಮಾಡಿ, ಒಂದು ಬಟ್ಟಲಿನ ಅಂಚನ್ನು ಇಟ್ಟು ಬರೆದರೆ ಸಾಕು. ಆ 30ರಿಂದ 38ಕ್ಕೆ ಏರುವ ಜಾಗಕ್ಕೆ ಭುಜ ಎನ್ನೋಣ. ಭುಜ ಇರುವ ಹುಟ್ಟೂ ಇದೆ, ಇಲ್ಲದ್ದೂ ಇದೆ. ಇದ್ದರೆ ಕಣ್ಣು ಮುಚ್ಚಿದ್ದರೂ ಕೈ ಎಲ್ಲಿದೆ, ಅಲಗು ಯಾವ ಕಡೆ ತಿರುಗಿದೆ ಗೊತ್ತಾಗುತ್ತದೆ. ಇಲ್ಲದಿದ್ದರೆ ಕೈ ಸಲೀಸಾಗಿ ಜಾರುತ್ತದೆ. ಮೊದಲ ಹುಟ್ಟಿಗೆ ಭುಜ ಇರಲಿ, ಬೇಡ ಅನಿಸಿದರೆ ಒಂದು ಗಂಟೆ ಕೂತು ಕೆರೆದು ತೆಗೆಯಬಹುದು.

ಗೆರೆಯ ಹೊರಗೆ ಗರಗಸ ಹಾಕಿ, ಗೆರೆಯನ್ನು ಉಳಿಸಿ. ಬ್ಯಾಂಡ್‌ಸಾ ಇದ್ದರೆ ಹತ್ತು ನಿಮಿಷ, ಕೈಗರಗಸವಾದರೆ ಒಂದು ಸಂಜೆ. ನಂತರ ಉಜ್ಜುಗೊರಡಿನಿಂದ ಗೆರೆಯವರೆಗೆ ಬನ್ನಿ.

ಈಗ ಪಕ್ಕದ ಮುಖ. ಅಲಗು ಕೊಯ್ದ ಕಡೆ ನಡುಗೆರೆ ಹೋಗಿರುತ್ತದೆ, ಮತ್ತೆ ಎಳೆಯಿರಿ. ಪಕ್ಕದಿಂದ ನೋಡಿದರೆ ಹಿಡಿ ಪೂರ್ತಿ 38 ಮಿ.ಮೀ. ದಪ್ಪ, ಅಲಗಿನ ಬುಡದಿಂದ ಸಣ್ಣಗಾಗುತ್ತಾ ತುದಿಗೆ ಬರುವಷ್ಟರಲ್ಲಿ 12 ಮಿ.ಮೀ. ಎರಡೂ ಬದಿಯಿಂದ ಸಮವಾಗಿ ತೆಗೆಯಬೇಕು. ಇಲ್ಲಿ ಗರಗಸ ಓಡಿಸುವಾಗ ಕೈ ನಡುಗಿದರೆ ತೊಂದರೆ, ಅದಕ್ಕೆ ನಾನು ಗೆರೆಯಿಂದ 2 ಮಿ.ಮೀ. ಆಚೆ ಕೊಯ್ದು ಉಳಿದದ್ದನ್ನು ಉಜ್ಜುಗೊರಡಿಗೆ ಬಿಡುತ್ತೇನೆ.

ಅಲಗು

ಅಸಲಿ ಕೆಲಸ ಇದು. ಟೀ ಕುಡಿದು ಬಂದು ಕೂರಿ.

ಅಲಗಿನ ಸಪೂರ ಅಂಚಿನಲ್ಲಿ ನಡುಗೆರೆಯ ಎರಡೂ ಪಕ್ಕಕ್ಕೆ 3 ಮಿ.ಮೀ. ಬಿಟ್ಟು ಇನ್ನೆರಡು ಗೆರೆ ಎಳೆಯಿರಿ. ಈ ಎರಡು ಗೆರೆಗಳ ನಡುವಿನ 6 ಮಿ.ಮೀ. ಪಟ್ಟಿಯನ್ನು ಸದ್ಯಕ್ಕೆ ಮುಟ್ಟಬಾರದು. ಅಗಲ ಮುಖದ ನಡುಗೆರೆಯನ್ನೂ ಮುಟ್ಟಬಾರದು. ಇವೆರಡರ ನಡುವೆ ಇರುವ ಮರವನ್ನು ಇಳಿಜಾರಾಗಿ ತೆಗೆಯಬೇಕು. ಹಾಗೆ ನಾಲ್ಕೂ ಇಳಿಜಾರು ಆದ ಮೇಲೆ ಅಡ್ಡ ಕೊಯ್ದು ನೋಡಿದರೆ ಅಲಗು ಚಪ್ಪಟೆ ವಜ್ರದ ಹಾಗೆ ಕಾಣುತ್ತದೆ, ನಡುವೆ ಒಂದು ಏಣು, ಎರಡು ಕಡೆ ಅಂಚು. ಆ ಏಣನ್ನು ನಿಧಾನಕ್ಕೆ ಉರುಟು ಮಾಡಿದರೆ ಮಸೂರದ ಆಕಾರ ಬರುತ್ತದೆ. ಬುಡದ ಕಡೆ ಏಣು ಎದ್ದು ಕಾಣಲಿ, ಬಲ ಇರುವುದು ಅಲ್ಲೇ. ತುದಿಗೆ ಹೋಗುತ್ತಾ ಚಪ್ಪಟೆಯಾಗಲಿ.

ಉಜ್ಜುಗೊರಡು ಅಥವಾ ಸ್ಪೋಕ್‌ಶೇವ್ (ಎರಡು ಕಡೆ ಹಿಡಿ ಇರುವ ಸಣ್ಣ ಉಜ್ಜುಗೊರಡು) ಯಾವಾಗಲೂ ಎಳೆಯ ಜೊತೆಗೇ ಹೋಗಬೇಕು. ಎದುರು ಹೋದರೆ ಉಜ್ಜುಗೊರಡು ಮರವನ್ನು ಕಿತ್ತು ತೆಗೆಯುತ್ತದೆ. ಅದರ ಸದ್ದೇ ಬೇರೆ. ಎಳೆಯ ಜೊತೆ ಹೋಗುವಾಗ ಸರ್ರ್ ಅಂತ ಉದ್ದನೆಯ ಸುರುಳಿ ಬರುತ್ತದೆ. ಎದುರು ಹೋದಾಗ ಟರ್ ಟರ್ ಅಂತ ತಡವರಿಸುತ್ತದೆ, ಸುರುಳಿ ಬದಲು ಚೂರು ಬೀಳುತ್ತದೆ. ಆ ಸದ್ದು ಕೇಳಿದ ಕೂಡಲೇ ನಿಲ್ಲಿಸಿ, ಆಚೆ ಕಡೆಯಿಂದ ಬನ್ನಿ. ನನ್ನ ಎರಡನೇ ಹುಟ್ಟಿನಲ್ಲಿ ಇನ್ನೊಂದೇ ಸಲ ಅಂತ ಒತ್ತಿದೆ, ಅಂಚಿನಿಂದ ಬೆರಳುದ್ದದ ಚಕ್ಕೆ ಹಾರಿಹೋಯಿತು. ಅದೇ ಚಕ್ಕೆಯನ್ನು ಹುಡುಕಿ ಅಂಟಿಸಿ ರಾತ್ರಿಯಿಡೀ ಕ್ಲಾಂಪ್ ಹಾಕಿಟ್ಟೆ. ಈಗಲೂ ಗೆರೆ ಕಾಣುತ್ತದೆ.

ಒಂದು ಮುಖ ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಗಬೇಡಿ. ಇಲ್ಲಿ ಹತ್ತು ಸಲ, ಅಲ್ಲಿ ಹತ್ತು ಸಲ, ಆಮೇಲೆ ಆ ತುದಿಗೆ ಹೋಗಿ ಹತ್ತು ಸಲ. ಹೀಗೆ ಸುತ್ತು ಹೊಡೆಯುತ್ತಾ ಹೋದರೆ ಎಲ್ಲ ಕಡೆಯೂ ಒಟ್ಟಿಗೆ ಇಳಿಯುತ್ತದೆ. ದೀಪವನ್ನು ಪಕ್ಕದಿಂದ, ತಗ್ಗಿನಲ್ಲಿ ಇಟ್ಟರೆ ಉಬ್ಬು ತಗ್ಗು ನೆರಳಿನಲ್ಲಿ ಕಾಣುತ್ತದೆ. ಕಣ್ಣಿಗಿಂತ ಬೆರಳನ್ನು ಹೆಚ್ಚು ನಂಬಿ. ಕಣ್ಣು ಮುಚ್ಚಿ ಎರಡೂ ಮುಖದ ಮೇಲೆ ಹೆಬ್ಬೆರಳು, ತೋರುಬೆರಳು ಇಟ್ಟು ಬುಡದಿಂದ ತುದಿಗೆ ಎಳೆಯಿರಿ, ಒಂದು ಕಡೆ ಜಾಸ್ತಿ ದಪ್ಪ ಇದ್ದರೆ ಥಟ್ಟನೆ ಗೊತ್ತಾಗುತ್ತದೆ.

ಕೊನೆಗೆ ಅಂಚು. 6 ಮಿ.ಮೀ. ಇದ್ದದ್ದನ್ನು 4 ಅಥವಾ 5ಕ್ಕೆ ಇಳಿಸಿ ಉರುಟು ಮಾಡಿ. ಚೂಪು ಮಾಡುವ ಆಸೆ ಎಲ್ಲರಿಗೂ ಬರುತ್ತದೆ, ಚೂಪಾದರೆ ನೀರು ಚೆನ್ನಾಗಿ ಸೀಳುತ್ತದೆ ಅನಿಸುತ್ತದೆ. ಆದರೆ ಮೊದಲ ಕಲ್ಲಿಗೆ ತಾಗಿದಾಗಲೇ ಅಂಚು ಜಜ್ಜಿಹೋಗುತ್ತದೆ. ಅದೂ ಅಲ್ಲದೆ, ಅಲಗನ್ನು ಕೈಯಲ್ಲೇ ಹಿಡಿಯುತ್ತೀರಿ ಎನ್ನುವುದು ಮರೆಯಬೇಡಿ. ತೀರಾ ದಪ್ಪ ಬಿಟ್ಟರೂ ತೊಂದರೆ, ನೀರಿಗೆ ಇಳಿಯುವಾಗ ಗುಳುಂ ಅನ್ನುತ್ತದೆ.

ಹಿಡಿ, ತುದಿ, ಎಣ್ಣೆ

ಹಿಡಿಯ ಅಡ್ಡಕೊಯ್ತ ಮೊಟ್ಟೆಯಾಕಾರ. ಚೌಕದ ನಾಲ್ಕು ಮೂಲೆ ತೆಗೆದರೆ ಎಂಟು ಮೂಲೆ, ಆ ಎಂಟನ್ನೂ ತೆಗೆದರೆ ಹದಿನಾರು, ಆಮೇಲೆ ಸ್ಯಾಂಡ್‌ಪೇಪರನ್ನು ಪಟ್ಟಿ ಮಾಡಿ ಎರಡು ಕೈಯಲ್ಲಿ ಹಿಡಿದು ಹಗ್ಗ ಕಡೆದಂತೆ ಎಳೆಯಿರಿ. ಪೂರ್ತಿ ದುಂಡಗೆ ಮಾಡಬೇಡಿ, ಮೊಟ್ಟೆಯಾಕಾರ ಇದ್ದರೆ ಅಲಗು ಹೇಗೆ ತಿರುಗಿದೆ ಅಂತ ಅಂಗೈಗೆ ಗೊತ್ತಾಗುತ್ತದೆ. ಹಿಡಿದಾಗ ಹೆಬ್ಬೆರಳ ತುದಿ ತೋರುಬೆರಳ ತುದಿಗೆ ಸುಲಭಕ್ಕೆ ತಾಗಬೇಕು. ತಾಗದಿದ್ದರೆ ದಪ್ಪ ಜಾಸ್ತಿ, ಒಂದು ಗಂಟೆಯಲ್ಲಿ ಮುಂಗೈ ಹಿಡಿದುಕೊಳ್ಳುತ್ತದೆ.

ತೂಕ ನೋಡಲು ಹಿಡಿಯ ಸರಿ ನಡುವನ್ನು ಒಂದು ಬೆರಳ ಮೇಲಿಡಿ. ಯಾವ ಕಡೆ ವಾಲುತ್ತದೋ ಆ ಅಲಗಿನಿಂದ ಇನ್ನಷ್ಟು ತೆಗೆಯಿರಿ. ಸೀಡರ್ ಹುಟ್ಟು ಮುಗಿಯುವಾಗ ಒಂದು ಕಿಲೋ ಒಳಗೇ ಬರುತ್ತದೆ.

ಹಳೆಯ ಹುಟ್ಟುಗಳ ತುದಿಗೆ, ಕೆಲವಕ್ಕೆ ಅಂಚಿನುದ್ದಕ್ಕೂ, ತಿಮಿಂಗಿಲದ ಮೂಳೆ ಅಥವಾ ವಾಲ್ರಸ್ ದಂತವನ್ನು ಸಣ್ಣ ಗೂಟ ಹೊಡೆದು ಕೂರಿಸಿರುತ್ತಾರೆ. ಹಿಮಗಡ್ಡೆಯನ್ನು ತಳ್ಳಿ ತಳ್ಳಿ ಮೆತ್ತನೆ ಮರ ಸವೆಯಬಾರದಲ್ಲ. ಅದು ಅಲಂಕಾರ ಅಲ್ಲ, ನಮ್ಮ ಕೆಲಸಕ್ಕೆ ಅದು ಬೇಕಾಗಿಯೂ ಇಲ್ಲ. ದಂತವನ್ನು ದೇಶದಿಂದ ದೇಶಕ್ಕೆ ಸಾಗಿಸಲು ವನ್ಯಜೀವಿ ವ್ಯಾಪಾರದ ಅಂತಾರಾಷ್ಟ್ರೀಯ ಒಪ್ಪಂದದ ಕಾಗದಪತ್ರ ಬೇಕು, ಆ ಗೋಜಿಗೇ ಹೋಗಬೇಡಿ. ಮೇಪಲ್ ಅಥವಾ ಆ್ಯಶ್‌ನಂಥ ಗಟ್ಟಿ ಮರದ 2 ಸೆಂ.ಮೀ. ತುಂಡನ್ನು ಎಪಾಕ್ಸಿಯಿಂದ ತುದಿಗೆ ಅಂಟಿಸಿ, ಅಲಗು ಕೆತ್ತುವ ಮೊದಲೇ ಅಂಟಿಸಿದರೆ ಎರಡನ್ನೂ ಒಟ್ಟಿಗೆ ಕೆತ್ತಬಹುದು.

ಸ್ಯಾಂಡ್‌ಪೇಪರ್ 80, 120, 220. ಆಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಲು ಬಿಡಿ. ಮರದ ರೋಮ ಎದ್ದು ನಿಲ್ಲುತ್ತದೆ, ಮತ್ತೆ 220 ಹಾಕಿ. ಇದನ್ನು ಈಗ ಮಾಡದಿದ್ದರೆ ಮೊದಲ ದಿನ ನೀರಿನಲ್ಲೇ ರೋಮ ಎದ್ದು ಕೈ ಉಜ್ಜುತ್ತದೆ. ವಾರ್ನಿಷ್ ಬೇಡ, ಒದ್ದೆ ಕೈಯಲ್ಲಿ ಜಾರುತ್ತದೆ, ಗುಳ್ಳೆಯೂ ಏಳುತ್ತದೆ. ಟಂಗ್ ಎಣ್ಣೆ ಅಥವಾ ಕಾಯಿಸಿದ ಅಗಸೆ ಎಣ್ಣೆ ತೆಳ್ಳಗೆ ಹಚ್ಚಿ, ಕಾಲು ಗಂಟೆ ಬಿಟ್ಟು ಒರೆಸಿ, ಮಾರನೇ ದಿನ ಮತ್ತೆ. ನಾಲ್ಕೈದು ಸಲ. ಅಗಸೆ ಎಣ್ಣೆಯ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ಅದು ತನ್ನಷ್ಟಕ್ಕೇ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ಹರಡಿ ಒಣಗಿಸಿ, ಅಥವಾ ನೀರಿನ ಡಬ್ಬಿಯಲ್ಲಿ ಮುಳುಗಿಸಿಡಿ.

ನೀರಿಗೆ

ಮೊದಲ ಸಲ ಹುಟ್ಟು ಹಾಕಿದಾಗ ಅಲಗು ಪಟಪಟ ಅಲುಗಾಡಿದರೆ ಕೆತ್ತಿದ್ದು ಕೆಟ್ಟಿದೆ ಅಂತ ಬೇಜಾರಾಗಬೇಡಿ. ಹೆಚ್ಚಿನ ಸಲ ತಪ್ಪು ಹಿಡಿತದ್ದು. ಅಲಗಿನ ಮೇಲಂಚನ್ನು ಸ್ವಲ್ಪ ಮುಂದಕ್ಕೆ ವಾಲಿಸಿ ಎಳೆಯಬೇಕು. ಆಗ ಅಲಗು ಗಾಳಿ ಎಳೆದುಕೊಳ್ಳದೆ ತಾನೇ ನೀರಿನೊಳಗೆ ಇಳಿಯುತ್ತದೆ, ಸದ್ದೇ ಬರುವುದಿಲ್ಲ. ವಾಲಿಸಿದ ಮೇಲೂ ಒಂದೇ ಅಲಗು ಅಲುಗಾಡಿದರೆ ಮಾತ್ರ ಅದರ ಎರಡು ಮುಖ ಒಂದೇ ಸಮ ಇಲ್ಲ ಅಂತ ಅರ್ಥ, ಮನೆಗೆ ತಂದು ಬೆರಳಾಡಿಸಿ ನೋಡಿ.

ಒಬ್ಬರೇ ಹೋಗಬೇಡಿ. ಬ್ರಿಟಿಷ್ ಅನ್ವೇಷಕ ಜಿನೋ ವಾಟ್ಕಿನ್ಸ್ ಗ್ರೀನ್‌ಲ್ಯಾಂಡಿನವರಿಂದಲೇ ಕಯಾಕ್ ಕಲಿತವನು, ಮಗುಚಿದ ದೋಣಿಯನ್ನು ಎಬ್ಬಿಸುವುದೂ ಅವನಿಗೆ ಗೊತ್ತಿತ್ತು. 1932ರ ಆಗಸ್ಟ್‌ನಲ್ಲಿ ಪೂರ್ವ ಗ್ರೀನ್‌ಲ್ಯಾಂಡಿನಲ್ಲಿ ಒಬ್ಬನೇ ಸೀಲ್ ಬೇಟೆಗೆ ಹೋದ. ತೇಲುತ್ತಿದ್ದ ಖಾಲಿ ಕಯಾಕ್ ಸಿಕ್ಕಿತು, ಅವನು ಸಿಗಲಿಲ್ಲ.

ಹೊರಡುವಾಗ ಜೇಬಿನಲ್ಲಿ ಒಂದು ಪೆನ್ಸಿಲ್ ಇಟ್ಟುಕೊಳ್ಳಿ. ಎರಡು ಗಂಟೆ ಹುಟ್ಟು ಹಾಕಿ ದಡಕ್ಕೆ ಬಂದ ಕೂಡಲೇ ಅಂಗೈ ನೋಡಿ. ಎಲ್ಲಿ ಕೆಂಪಾಗಿದೆಯೋ ಅಲ್ಲಿಗೆ ಹುಟ್ಟಿನ ಯಾವ ಜಾಗ ತಾಗುತ್ತಿತ್ತು ಅಂತ ಹಿಡಿದು ನೋಡಿ ಗುರುತು ಹಾಕಿ. ನನ್ನ ಮೂರನೆಯದಕ್ಕೆ ಬಲಗಡೆ ಭುಜದ ಹತ್ತಿರ ಒಂದೇ ಒಂದು ಗುರುತು ಬಿತ್ತು, ಕಾಲು ಮಿ.ಮೀ. ಕೆರೆದು ಮತ್ತೆ ಎಣ್ಣೆ ಹಚ್ಚಿದೆ.